ಕಳ್ಳ ಅಚ್ಚಿನ ರೋಬೋಗಳು

1985ರಲ್ಲಿ ನ್ಯೂಯಾರ್ಕಿನ ಫೆಡರಲ್ ಮೇಲ್ಮನವಿ ನ್ಯಾಯಾಲಯದ ಮುಂದೆ ಎರಡು ಪುಟ್ಟ ಆಟಿಕೆಗಳ ವ್ಯಾಜ್ಯ ಬಂತು. ಒಂದರ ಹೆಸರು ಟಾಪ್‌ಸ್ಪಿನ್, ಇನ್ನೊಂದರದು ಟ್ವಿನ್ ಟ್ವಿಸ್ಟ್. ಹ್ಯಾಸ್ಬ್ರೋ ಕಂಪನಿ ಇವನ್ನು ತನ್ನ ‘ಟ್ರಾನ್ಸ್‌ಫಾರ್ಮರ್ಸ್’ ಸಾಲಿನಲ್ಲಿ ಮಾರುತ್ತಿತ್ತು. ರೂಪಿಸಿದ್ದು ಮಾತ್ರ ಟೋಕಿಯೋದ ಟಕಾರಾ. ಸ್ಪಾರ್ಕಲ್ ಟಾಯ್ಸ್ ಎಂಬ ಸಂಸ್ಥೆ ಇವೆರಡರ ಪಡಿಯಚ್ಚನ್ನು ಏಷ್ಯಾದಲ್ಲಿ ಮಾಡಿಸಿ ಅಮೆರಿಕಕ್ಕೆ ತಂದಿತ್ತು. ನಕಲು ನಡೆದಿದೆಯೇ ಇಲ್ಲವೇ ಎಂಬುದು ಅಲ್ಲಿ ಚರ್ಚೆಯೇ ಆಗಿರಲಿಲ್ಲ. ಚರ್ಚೆ ಇದ್ದದ್ದು ಬೇರೆ: ಟಕಾರಾ ಮೊದಮೊದಲು ಎರಡು ಲಕ್ಷಕ್ಕೂ ಹೆಚ್ಚು ಆಟಿಕೆಗಳನ್ನು ಹಕ್ಕುಸ್ವಾಮ್ಯದ ಗುರುತು ಹಾಕದೆ ಮಾರಿಬಿಟ್ಟಿತ್ತು. ಜಪಾನಿನ ಕಾನೂನಿನಲ್ಲಿ ಆಟಿಕೆಗೆ ಹಕ್ಕುಸ್ವಾಮ್ಯ ಸಿಗುವುದಿಲ್ಲ ಎಂಬುದು ಅದರ ತಿಳಿವಳಿಕೆ. ಗುರುತೇ ಇಲ್ಲದ ಸಾಮಾನನ್ನು ನಕಲು ಮಾಡಿದರೆ ತಪ್ಪೇನು ಎಂಬುದು ಸ್ಪಾರ್ಕಲ್ ವಾದ. ಬಿಟ್ಟುಹೋದ ಗುರುತನ್ನು ಆಮೇಲೆ ಸರಿಪಡಿಸಿಕೊಳ್ಳಲು ಅಮೆರಿಕದ ಕಾನೂನಿನಲ್ಲಿ ಅವಕಾಶವಿದೆ ಎಂದ ನ್ಯಾಯಾಲಯ, ಹ್ಯಾಸ್ಬ್ರೋ ಪರವಾದ ತಡೆಯಾಜ್ಞೆಯನ್ನು ಎತ್ತಿಹಿಡಿಯಿತು.

ಆ ಕಾಲದ ಇಂಥ ನಕಲುಗಳನ್ನು ಈಗ ಹುಡುಕಿ ಹುಡುಕಿ ಕೊಳ್ಳುವವರಿದ್ದಾರೆ. ಅಸಲಿ ಸಿಗಲಿಲ್ಲವೆಂದು ಡೂಪ್ಲಿಕೇಟ್‌ಗೆ ಸಮಾಧಾನಪಟ್ಟುಕೊಳ್ಳುವವರಲ್ಲ ಇವರು. ಅಸಲಿ ಕಪಾಟಿನಲ್ಲಿ ಇದ್ದರೂ ಪಕ್ಕದಲ್ಲಿ ಅದರ ಕೊರಿಯಾ ನಕಲು, ತೈವಾನ್ ನಕಲು, ಹಾಂಗ್‌ಕಾಂಗ್ ನಕಲು ಇರಲೇಬೇಕು ಎನ್ನುವ ಜಾತಿ. ಜಪಾನಿನ ಸಂಗ್ರಾಹಕರು ಇಂಥ ಮಾಲನ್ನು ‘ಪಾಚಿಮೋನ್’ ಎನ್ನುತ್ತಾರೆ; ಇಂಗ್ಲಿಷ್ ಬಲ್ಲವರ ನಡುವೆ ‘ಬೂಟ್‌ಲೆಗ್’, ‘ನಾಕಾಫ್’, ಅವಸರವಾದರೆ ‘ಕೆಒ’. ಹಳೆಯ ಗಂಭೀರ ಸಂಗ್ರಾಹಕರಿಗೆ ಇದು ಕಸ. ಹೊಸಬರಿಗೆ ಇದೇ ರಸ. ಇಬ್ಬರ ಮಾತಿನಲ್ಲೂ ಹುರುಳಿದೆ, ಆದರೆ ಸಮಪಾಲಾಗಿ ಅಲ್ಲ.

ಕಸ ಎನ್ನುವವರ ಮುಖ್ಯ ವಾದ, ಮೂಲ ಜಪಾನಿನದು, ಉಳಿದದ್ದೆಲ್ಲ ಕಳವು ಎಂಬುದು. ಚರಿತ್ರೆ ನೋಡಿದರೆ ಈ ವಾದ ಸ್ವಲ್ಪ ಅಲುಗಾಡುತ್ತದೆ. 1956ರಲ್ಲಿ ಎಂಜಿಎಂ ಸ್ಟುಡಿಯೋದ ‘ಫರ್ಬಿಡನ್ ಪ್ಲಾನೆಟ್’ ಚಿತ್ರ ಬಂತು. ಅದರಲ್ಲಿನ ರಾಬಿ ಎಂಬ ರೋಬೋ ಲೋಕಪ್ರಸಿದ್ಧವಾಯಿತು. ಚಿತ್ರೀಕರಣಕ್ಕೆ ಬಳಸಿದ ಆ ರೋಬೋವೇ 2017ರ ಹರಾಜಿನಲ್ಲಿ 53 ಲಕ್ಷ ಡಾಲರಿಗೂ ಮೇಲೆ ಹೋಯಿತು. ಚಿತ್ರ ಬಂದ ಮರುವರ್ಷವೇ ಟೋಕಿಯೋದ ನೊಮುರಾ ಕಂಪನಿ ‘ಮೆಕನೈಸ್ಡ್ ರೋಬೋಟ್’ ಎಂಬ ಬ್ಯಾಟರಿ ಚಾಲಿತ ತಗಡಿನ ಆಟಿಕೆಯನ್ನು ಹೊರತಂದಿತು. ಗಾಜಿನ ಗುಮ್ಮಟದಂಥ ತಲೆ, ಉರುಟು ಕಾಲು, ಒಳಗೆ ಏರಿಳಿಯುವ ಪಿಸ್ಟನ್‌ಗಳು. ಯಾರು ನೋಡಿದರೂ ರಾಬಿಯೇ. ಡಬ್ಬಿಯ ಮೇಲೆ ಮಾತ್ರ ರಾಬಿ ಎಂಬ ಹೆಸರಿಲ್ಲ, ಸ್ಟುಡಿಯೋದ ಅಪ್ಪಣೆಯೂ ಇಲ್ಲ. ತಗಡಿನ ರೋಬೋಗಳ ಲೋಕದಲ್ಲಿ ಅದು ಇವತ್ತು ಅತ್ಯಂತ ಗೌರವದ ವಸ್ತು. ಅದನ್ನು ಯಾವ ಸಂಗ್ರಾಹಕನೂ ಕಸ ಎನ್ನುವುದಿಲ್ಲ.

ಟಕಾರಾ ಕತೆಯೂ ಬಹಳ ಬೇರೆಯಲ್ಲ, ಆದರೆ ಅದು ನೇರ ದಾರಿಯಲ್ಲಿ ನಡೆಯಿತು. ಅಮೆರಿಕದ ‘ಜಿ.ಐ. ಜೋ’ ಸೈನಿಕ ಗೊಂಬೆಯ ಪರವಾನಗಿ ಪಡೆದಿದ್ದ ಅದು, ಅದೇ ಮೈಯನ್ನು ಪಾರದರ್ಶಕ ಪ್ಲಾಸ್ಟಿಕ್ಕಿನಲ್ಲಿ ಮಾಡಿ 1972ರಲ್ಲಿ ‘ಹೆನ್ಶಿನ್ ಸೈಬಾರ್ಗ್’ ಎಂದು ಮಾರಿತು. ಅದನ್ನು ಅಂಗೈಯಷ್ಟಕ್ಕೆ ಕುಗ್ಗಿಸಿದಾಗ 1974ರಲ್ಲಿ ‘ಮೈಕ್ರೋಮ್ಯಾನ್’ ಹುಟ್ಟಿತು. ಅದರ ಬಳಗದಿಂದಲೇ ಮುಂದೆ ‘ಡಯಾಕ್ಲೋನ್’, ‘ಮೈಕ್ರೋ ಚೇಂಜ್’. ಅವೆರಡನ್ನು ಕೂಡಿಸಿ ಹ್ಯಾಸ್ಬ್ರೋ 1984ರಲ್ಲಿ ಕಟ್ಟಿದ್ದೇ ಟ್ರಾನ್ಸ್‌ಫಾರ್ಮರ್ಸ್. ಅಂದರೆ ಅಮೆರಿಕದ ಸೈನಿಕನೊಬ್ಬ ಜಪಾನಿಗೆ ಹೋಗಿ, ರೋಬೋ ಆಗಿ, ಹನ್ನೆರಡು ವರ್ಷದ ಮೇಲೆ ತವರಿಗೆ ಮರಳಿದ ಹಾಗಾಯಿತು.

ಬೂಟ್‌ಲೆಗ್ ಸಂಗ್ರಾಹಕರ ಹೃದಯ ಇರುವುದು ಮಾತ್ರ 1970ರ ದಶಕದ ದೈತ್ಯ ರೋಬೋಗಳಲ್ಲಿ. ಗೋ ನಾಗಾಯ್ ಸೃಷ್ಟಿಸಿದ ‘ಮಜಿಂಗರ್ ಝಡ್’ 1972ರ ಡಿಸೆಂಬರಿನಲ್ಲಿ ಜಪಾನಿನ ಟಿವಿಗೆ ಬಂತು. ಹುಡುಗನೊಬ್ಬ ರೋಬೋದ ತಲೆಯೊಳಗೆ ಕೂತು ಅದನ್ನು ಓಡಿಸುವ ಕಲ್ಪನೆ ಮಕ್ಕಳನ್ನು ಹುಚ್ಚೆಬ್ಬಿಸಿತು. ಬಾಂಡಾಯ್‌ನ ಅಂಗಸಂಸ್ಥೆ ಪಾಪಿ 1973ರಲ್ಲಿ ‘ಜಂಬೋ ಮಶಿಂಡರ್’ ಎಂಬ ಸುಮಾರು 60 ಸೆಂಟಿಮೀಟರ್ ಎತ್ತರದ ಮಜಿಂಗರನ್ನು ತಂದಿತು. ಶಾಂಪೂ ಬಾಟಲಿಗೆ ಬಳಸುವ ಪಾಲಿಥಿಲೀನನ್ನೇ ಊದಿ ಮಾಡಿದ ಟೊಳ್ಳು ಮೈ, ಕಾಲಡಿ ಚಕ್ರ, ಸ್ಪ್ರಿಂಗಿನಿಂದ ಚಿಮ್ಮುವ ಮುಷ್ಟಿ. ಮರುವರ್ಷ ‘ಚೋಗೋಕಿನ್’ ಬಂತು: ಸತುವಿನ ಮಿಶ್ರಲೋಹದ ಎರಕದಲ್ಲಿ ಮಾಡಿದ, ಕೈಯಲ್ಲಿ ಹಿಡಿದರೆ ಭಾರ ತಿಳಿಯುವ ಪುಟ್ಟ ರೋಬೋ. ಕತೆಯಲ್ಲಿ ಮಜಿಂಗರನ ಮೈ ಯಾವ ಕಾಲ್ಪನಿಕ ಲೋಹದ್ದೋ ಅದೇ ಹೆಸರು ಆಟಿಕೆಗೂ ಸಿಕ್ಕಿತ್ತು. ಪಾಪಿಯ ವಿನ್ಯಾಸದ ಮುಂದಾಳು ಕತ್ಸುಶಿ ಮುರಾಕಾಮಿ ಮತ್ತು ತಂಡ ಮುಂದೆ ರೂಪ ಬದಲಿಸುವ ‘ರೈದೀನ್’, ಐದು ಯಂತ್ರ ಸೇರಿ ಒಂದಾಗುವ ‘ಕೊಂಬ್ಯಾಟ್ಲರ್ ವಿ’ ಎಂದು ವರ್ಷ ವರ್ಷವೂ ಒಂದು ಮೆಟ್ಟಿಲು ಏರುತ್ತ ಹೋಯಿತು.

ಕಾರ್ಟೂನು ಹೊರದೇಶಗಳಿಗೆ ಬೇಗ ಹೋಯಿತು; ಆಟಿಕೆ ಅಷ್ಟು ಬೇಗ ಹೋಗಲಿಲ್ಲ. ಬೂಟ್‌ಲೆಗ್ ಹುಟ್ಟಿದ್ದು ಈ ನಡುವಣ ಸಂದಿಯಲ್ಲಿ. 1978ರ ಏಪ್ರಿಲಿನಲ್ಲಿ ಇಟಲಿಯ ಸರ್ಕಾರಿ ಟಿವಿಯಲ್ಲಿ ಇನ್ನೊಂದು ದೈತ್ಯ ರೋಬೋ ‘ಗ್ರೆಂಡೈಝರ್’, ‘ಗೋಲ್ಡ್ರೇಕ್’ ಎಂಬ ಹೆಸರಿನಲ್ಲಿ ಬಂತು. ಜುಲೈನಲ್ಲಿ ಫ್ರಾನ್ಸಿನಲ್ಲಿ ಅದೇ ‘ಗೋಲ್ಡೊರಾಕ್’. ಮುಂದಿನ ವರ್ಷದ ಆರಂಭಕ್ಕೆ ‘ಪಾರಿ ಮಾಚ್’ ಪತ್ರಿಕೆ ಈ ಹುಚ್ಚನ್ನೇ ಮುಖಪುಟಕ್ಕೆ ಹಾಕಿತು. ಅದೇ ರೋಬೋ ಅರಬ್ಬಿ ಮಾತಾಡಿ ಬೈರೂತಿನಿಂದ ಕುವೈತಿನ ತನಕ ಮನೆಮಾತಾಯಿತು. ಫಿಲಿಪೀನ್ಸಿನಲ್ಲಿ ‘ವೋಲ್ಟಸ್ ವಿ’ ಎಷ್ಟು ಜನಪ್ರಿಯವಾಯಿತೆಂದರೆ 1979ರಲ್ಲಿ ಅಧ್ಯಕ್ಷ ಮಾರ್ಕೋಸ್ ಅದನ್ನು ಕೊನೆಯ ಕಂತುಗಳು ಬಾಕಿ ಇರುವಾಗಲೇ ನಿಲ್ಲಿಸಿಬಿಟ್ಟರು. ಸ್ಪೇನಿನ ತರಗೋನಾ ಪ್ರಾಂತ್ಯದ ಕಾಬ್ರಾ ದೆಲ್ ಕಾಂಪ್ ಎಂಬಲ್ಲಿ ಹೊಸ ಬಡಾವಣೆಗೆ ಜನರನ್ನು ಸೆಳೆಯಲು ಹತ್ತು ಮೀಟರ್ ಎತ್ತರದ ಮಜಿಂಗರ್ ಪ್ರತಿಮೆ ನಿಲ್ಲಿಸಿದರು. ಅದು ಇನ್ನೂ ಅಲ್ಲೇ ನಿಂತಿದೆ. ಸೈಟು ಮಾರುವವರ ಬುದ್ಧಿ ಎಲ್ಲ ದೇಶದಲ್ಲೂ ಒಂದೇ.

ಅಮೆರಿಕದಲ್ಲಿ ಮ್ಯಾಟೆಲ್ ಈ ದೈತ್ಯರನ್ನು ‘ಶೋಗನ್ ವಾರಿಯರ್ಸ್’ ಎಂದು ಅಧಿಕೃತವಾಗಿ ಮಾರಿತು. ಉಳಿದ ಎಷ್ಟೋ ಕಡೆ ಅಂಥ ದೊಡ್ಡ ಆಮದುದಾರರೇ ಇರಲಿಲ್ಲ. ಇದ್ದಲ್ಲಿಯೂ ಲೋಹದ ಚೋಗೋಕಿನ್ ಕೊಳ್ಳುವ ಶಕ್ತಿ ಎಲ್ಲ ತಂದೆತಾಯಿಗೂ ಇರಲಿಲ್ಲ. ಸಂಜೆ ಟಿವಿಯಲ್ಲಿ ನೋಡಿದ ರೋಬೋವನ್ನು ಬೆಳಗ್ಗೆ ಕೈಯಲ್ಲಿ ಹಿಡಿಯಬೇಕೆನ್ನುವ ಮಗುವಿಗೆ ಸಂತೆಯ ಅಂಗಡಿಯವನು ಕೊಟ್ಟದ್ದು ತೆಳು ಪ್ಲಾಸ್ಟಿಕ್ಕಿನ, ಕೆಂಪಿರಬೇಕಾದಲ್ಲಿ ಹಸಿರಿದ್ದ, ಹೆಸರೂ ಬೇರೆ ಇದ್ದ ಗೊಂಬೆ. ಮಗು ಅದನ್ನೇ ಗೋಲ್ಡ್ರೇಕ್ ಎಂದು ಕರೆಯಿತು.

ಈ ಸಂದಿ ಎಲ್ಲಕ್ಕಿಂತ ಅಗಲವಾಗಿದ್ದದ್ದು ದಕ್ಷಿಣ ಕೊರಿಯಾದಲ್ಲಿ. ವಸಾಹತು ಆಳ್ವಿಕೆಯ ಕಹಿ ನೆನಪಿನಿಂದ ಜಪಾನಿನ ಜನಪ್ರಿಯ ಸಂಸ್ಕೃತಿಗೆ ಅಲ್ಲಿ ದಶಕಗಳ ಕಾಲ ನಿರ್ಬಂಧವಿತ್ತು. ಬಾಗಿಲು ಹಂತ ಹಂತವಾಗಿ ತೆರೆಯತೊಡಗಿದ್ದು 1998ರ ಅಕ್ಟೋಬರಿನಲ್ಲಿ. ನಿರ್ಬಂಧ ಎಂದ ಮಾತ್ರಕ್ಕೆ ಜಪಾನಿ ಕಾರ್ಟೂನು ಬರಲೇ ಇಲ್ಲವೆಂದಲ್ಲ. ಮಜಿಂಗರ್ 1975ರಲ್ಲೇ ಕೊರಿಯಾ ಟಿವಿಯಲ್ಲಿ ಬಂತು. ಮಾತು ಕೊರಿಯನ್, ಜಪಾನಿನ ಸುಳಿವು ಇಲ್ಲ. ಅದನ್ನು ನೋಡಿ ಬೆಳೆದ ಅನೇಕರಿಗೆ ಮಜಿಂಗರ್ ಪರದೇಶಿ ಎಂದು ತಿಳಿದದ್ದು ದೊಡ್ಡವರಾದ ಮೇಲೆ.

ನಿರ್ದೇಶಕ ಕಿಮ್ ಚುಂಗ್-ಗಿ ಇದಕ್ಕೆ ಉತ್ತರವೆಂಬಂತೆ 1976ರ ಜುಲೈನಲ್ಲಿ ‘ರೋಬೋಟ್ ಟೇಕ್ವಾನ್ ವಿ’ ಚಿತ್ರ ಬಿಡುಗಡೆ ಮಾಡಿದರು. ಎದೆಯ ಮೇಲೆ ಕೆಂಪು ‘ವಿ’ ಗುರುತಿದ್ದ ಈ ರೋಬೋ ಕೊರಿಯಾದ ಟೇಕ್ವಾಂಡೋ ಪಟ್ಟು ಹಾಕುತ್ತಿತ್ತು. ಶಿರಸ್ತ್ರಾಣದ ರೂಪವನ್ನು ಸೋಲ್ ನಗರದ ಗ್ವಾಂಗ್ವಾಮುನ್ ಬಳಿಯ ನೌಕಾಸೇನಾನಿ ಯೀ ಸುನ್-ಶಿನ್ ಪ್ರತಿಮೆಯಿಂದ ತೆಗೆದುಕೊಂಡೆ ಎಂದು ಕಿಮ್ ಹೇಳಿದ್ದಾರೆ. ಮೈಕಟ್ಟನ್ನು ಎಲ್ಲಿಂದ ತೆಗೆದುಕೊಂಡರೆಂದು ಯಾರೂ ಹೇಳಬೇಕಾಗಿಲ್ಲ. ಜಪಾನಿಯರೊಡನೆ ಕಾದಿದ ಸೇನಾನಿಯ ತಲೆ, ಜಪಾನಿನ ಮಜಿಂಗರನ ದೇಹ: ಕೊರಿಯಾದ ಆ ಕಾಲದ ಇಕ್ಕಟ್ಟು ಒಂದೇ ಗೊಂಬೆಯಲ್ಲಿ ನಿಂತಿದೆ.

ಆಮೇಲಿನ ಕೊರಿಯಾ ಚಿತ್ರಗಳು ಇಷ್ಟು ಸಂಕೋಚವನ್ನೂ ಇಟ್ಟುಕೊಳ್ಳಲಿಲ್ಲ. 1983ರ ‘ಸ್ಪೇಸ್ ಗಂಡಮ್ ವಿ’ಯಲ್ಲಿ ಹೆಸರು ‘ಗಂಡಮ್’ ಸರಣಿಯದು, ರೋಬೋ ಮಾತ್ರ ‘ಮ್ಯಾಕ್ರಾಸ್’ ಸರಣಿಯ ವಾಲ್ಕಿರಿ ವಿಮಾನ. ‘ಸೂಪರ್ ಟೈಟನ್ 15’ ಬಂದದ್ದು ‘ಡೈರಗ್ಗರ್’ನ ಮೈಯಲ್ಲಿ. ಆಟಿಕೆ ತಯಾರಕರೂ ಇದೇ ಹಾದಿ ಹಿಡಿದರು, ಜಪಾನಿ ಅಚ್ಚಿನ ನಕಲಿಗೆ ಕೊರಿಯಾ ಚಿತ್ರದ ಹೆಸರು ಹಾಕಿದರು. 1987ರಲ್ಲಿ ಹೊಸ ಹಕ್ಕುಸ್ವಾಮ್ಯ ಕಾಯಿದೆ ಜಾರಿಗೆ ಬಂದು, ಆ ದೇಶ ಅಂತರರಾಷ್ಟ್ರೀಯ ಹಕ್ಕುಸ್ವಾಮ್ಯ ಒಪ್ಪಂದಕ್ಕೂ ಸೇರಿದ ಮೇಲೆ ಈ ವ್ಯವಹಾರ ಮೊದಲಿನ ಹಾಗೆ ನಡೆಯುವಂತಿರಲಿಲ್ಲ. ಸಂಗ್ರಾಹಕರು 1976ರಿಂದ 1987ರವರೆಗಿನ ಕೊರಿಯಾ ಮಾಲಿಗೆ ಮುಗಿಬೀಳುವುದಕ್ಕೆ ಇದೂ ಒಂದು ಕಾರಣ. ಆ ಕಾಲ ಮತ್ತೆ ಬರುವಂಥದ್ದಲ್ಲ.

ಈ ಕತೆಗೊಂದು ಉಪಸಂಹಾರವಿದೆ. ಟೇಕ್ವಾನ್ ವಿ ಹಕ್ಕು ಹೊಂದಿದ ಕಂಪನಿ, ತಮ್ಮ ರೋಬೋವನ್ನು ಹೋಲುವ ಬ್ಲಾಕ್ ಆಟಿಕೆ ಮಾರಿದವರ ಮೇಲೆ ದಾವೆ ಹೂಡಿತು. ಟೇಕ್ವಾನ್ ವಿ ಎಂಬುದೇ ಮಜಿಂಗರನ ನಕಲಲ್ಲವೇ, ಅದಕ್ಕೆಲ್ಲಿಯ ಹಕ್ಕು ಎಂದು ಎದುರು ಪಕ್ಷ ಕೇಳಿತು. ಸೋಲ್ ಕೇಂದ್ರ ಜಿಲ್ಲಾ ನ್ಯಾಯಾಲಯ 2018ರಲ್ಲಿ ಆ ವಾದವನ್ನು ತಳ್ಳಿಹಾಕಿ, ಟೇಕ್ವಾನ್ ವಿ ಮಜಿಂಗರಿನಿಂದ ಬೇರೆಯಾಗಿ ಗುರುತಿಸಬಹುದಾದ ಸ್ವತಂತ್ರ ಕೃತಿ ಎಂದಿತು. ನಕಲೆಂದು ನಲವತ್ತು ವರ್ಷ ಮೂದಲಿಸಿಕೊಂಡವನು ಕೊನೆಗೆ ತನ್ನ ನಕಲಿನ ಮೇಲೆ ಗೆದ್ದ.

ಬೂಟ್‌ಲೆಗ್ ಆಟಿಕೆ ಹೇಗೆ ಆಗುತ್ತದೆ ಎಂಬುದನ್ನು ತಿಳಿದರೆ ಅದನ್ನು ಓದುವುದೂ ಸುಲಭ. ಅಸಲಿ ತಯಾರಕ ಮೊದಲು ನಕ್ಷೆ ಬರೆದು, ಮಾದರಿ ಕೆತ್ತಿ, ಉಕ್ಕಿನ ಅಚ್ಚು ಕೊರೆಸುತ್ತಾನೆ. ಬಿಸಿ ಪ್ಲಾಸ್ಟಿಕ್ ಆರುವಾಗ ಕುಗ್ಗುತ್ತದೆಂದು ಅವನಿಗೆ ಗೊತ್ತು. ಗಟ್ಟಿ ಆಟಿಕೆಗಳ ಎಬಿಎಸ್ ಪ್ಲಾಸ್ಟಿಕ್ ಸುಮಾರು ಅರ್ಧ ಶೇಕಡಾ ಕುಗ್ಗಿದರೆ, ಪಾಲಿಥಿಲೀನ್ ಅದರ ಹಲವು ಪಟ್ಟು ಕುಗ್ಗುತ್ತದೆ. ಅದಕ್ಕೇ ಅವನು ಅಚ್ಚನ್ನು ಅಷ್ಟು ದೊಡ್ಡದಾಗಿ ಮಾಡಿಸುತ್ತಾನೆ. ಕಳ್ಳ ಅಚ್ಚಿನವನ ಬಳಿ ನಕ್ಷೆ ಇಲ್ಲ. ಅಂಗಡಿಯಿಂದ ತಂದ ಆಟಿಕೆಯನ್ನು ಬಿಚ್ಚಿ, ಆಗಲೇ ಕುಗ್ಗಿರುವ ಭಾಗಗಳಿಂದಲೇ ಅಚ್ಚು ತೆಗೆಯುತ್ತಾನೆ. ಅದರಲ್ಲಿ ಎರೆದದ್ದು ಮತ್ತೊಮ್ಮೆ ಕುಗ್ಗುತ್ತದೆ. ಅವನ ಮಾಲನ್ನು ಇನ್ನೊಬ್ಬ ನಕಲು ಮಾಡಿದರೆ ಮೂರನೇ ಸಲ. ಜೆರಾಕ್ಸ್‌ನ ಜೆರಾಕ್ಸ್ ತೆಗೆದಂತೆ ಗೆರೆಗಳು ಮಾಸುತ್ತವೆ, ಮೂಲೆಗಳು ದುಂಡಗಾಗುತ್ತವೆ, ಮುಖದ ಸಿಟ್ಟು ಹೋಗಿ ನಿದ್ದೆಗಣ್ಣು ಬರುತ್ತದೆ. ಪಳಗಿದ ಸಂಗ್ರಾಹಕ ಅಳತೆಪಟ್ಟಿ ಹಿಡಿದು ಇದು ಎಷ್ಟನೇ ತಲೆಮಾರಿನ ನಕಲು ಎಂದು ಅಂದಾಜು ಮಾಡಬಲ್ಲ.

ಕುಗ್ಗುವುದರ ಜೊತೆಗೆ ಖರ್ಚಿನ ಕತ್ತರಿಯೂ ಆಡುತ್ತದೆ. ಲೋಹವಿದ್ದಲ್ಲಿ ಬೆಳ್ಳಿ ಬಣ್ಣ ಬಳಿದ ಪ್ಲಾಸ್ಟಿಕ್. ಐದು ತಿರುಪು ಇದ್ದಲ್ಲಿ ಎರಡು. ರೂಪ ಬದಲಿಸುವ ಕೀಲು ಕಷ್ಟವೆನಿಸಿದರೆ ಅದನ್ನು ಅಂಟಿಸಿಬಿಡುವುದು. ಆಗ ರೋಬೋ ರೋಬೋ ಆಗಿಯೇ ಉಳಿಯುತ್ತದೆ, ಡಬ್ಬಿ ಮಾತ್ರ ಅದು ವಿಮಾನವಾಗುತ್ತದೆಂದು ಆಣೆ ಹಾಕುತ್ತದೆ. ಡಬ್ಬಿಗಳದ್ದು ಪ್ರತ್ಯೇಕ ಲೋಕ. ಮೇಲೆ ಒಂದು ಸರಣಿಯ ಚಿತ್ರ, ಒಳಗೆ ಇನ್ನೊಂದು ಸರಣಿಯ ರೋಬೋ, ಬದಿಯಲ್ಲಿ ತಪ್ಪು ಕಾಗುಣಿತದ ಇಂಗ್ಲಿಷ್. ಐದು ಸಿಂಹಗಳು ಸೇರಿ ಒಂದಾಗುವ ಜಪಾನಿನ ‘ಗೋಲಯನ್’ 1984ರಲ್ಲಿ ಅಮೆರಿಕಕ್ಕೆ ‘ವೋಲ್ಟ್ರಾನ್’ ಆಗಿ ಹೋದಾಗ, ಅದರ ತೈವಾನ್ ನಕಲು ‘ಲಯನ್‌ಬಾಟ್’ ಎಂಬ ಹೆಸರಿನಲ್ಲಿ ಹಿಂದೆಯೇ ಹೊರಟಿತು. ಹೆಸರಿನ ಸರಳತೆಗೆ ಮೆಚ್ಚಲೇಬೇಕು. ಲಯನ್‌ಬಾಟ್‌ಗೆ ಈಗ ತನ್ನದೇ ಅಭಿಮಾನಿಗಳಿದ್ದಾರೆ.

ಅಸಲಿ ಯಾವುದು ಎಂಬುದೇ ಗೋಜಲಾದ ಪ್ರಸಂಗಗಳೂ ಇವೆ. 1982ರಲ್ಲಿ ಟಕಾಟೋಕು ಎಂಬ ಕಂಪನಿ ಮ್ಯಾಕ್ರಾಸ್ ಸರಣಿಯ ವಿಎಫ್-1 ವಾಲ್ಕಿರಿಯ 1/55 ಅಳತೆಯ ಆಟಿಕೆ ಮಾಡಿತು. ವಿಮಾನದಿಂದ ರೋಬೋ ಆಗುವ ಅದರ ಕೀಲುಗಳು ಆ ಕಾಲಕ್ಕೆ ಬೆರಗು. ಎರಡೇ ವರ್ಷದಲ್ಲಿ ಕಂಪನಿ ದಿವಾಳಿಯಾಯಿತು, ಅಚ್ಚುಗಳು ಬಾಂಡಾಯ್ ಪಾಲಾದವು. ಅದೇ ಆಟಿಕೆ ಬಣ್ಣ ಬದಲಿಸಿಕೊಂಡು 1985ರಲ್ಲಿ ಹ್ಯಾಸ್ಬ್ರೋದ ‘ಜೆಟ್‌ಫೈರ್’ ಆಯಿತು. ಅಮೆರಿಕದಲ್ಲಿ ಮ್ಯಾಕ್ರಾಸ್ ಹಕ್ಕು ಬೇರೆಯವರ ಕೈಯಲ್ಲಿದ್ದುದರಿಂದ, ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನಲ್ಲಿ ಆ ಪಾತ್ರ ಬೇರೆ ರೂಪ, ‘ಸ್ಕೈಫೈರ್’ ಎಂಬ ಬೇರೆ ಹೆಸರು ಹೊತ್ತು ಬರಬೇಕಾಯಿತು. ಮ್ಯಾಕ್ರಾಸ್ ಹಕ್ಕಿನ ಜಗಳ ಒಂದು ಒಪ್ಪಂದಕ್ಕೆ ಬಂದದ್ದು 2021ರಲ್ಲಿ. ಇಷ್ಟರ ನಡುವೆ ಇದೇ ವಾಲ್ಕಿರಿಯ ಲೆಕ್ಕವಿಲ್ಲದಷ್ಟು ಕಳ್ಳ ಅಚ್ಚುಗಳು ಪೂರ್ವ ಏಷ್ಯಾದ ಉದ್ದಕ್ಕೂ ಹುಟ್ಟಿದವು. ಜೆಟ್‌ಫೈರನ್ನು ಅಸಲಿ ಎಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಅವುಗಳನ್ನು ಪೂರ್ತಿ ಅಸ್ಪೃಶ್ಯ ಎನ್ನುವುದಕ್ಕೆ ಸ್ವಲ್ಪ ಧೈರ್ಯ ಬೇಕು.

ಜಪಾನಿನೊಳಗೂ ಪಾಚಿಮೋನ್ ಭರಾಟೆ ಕಡಿಮೆ ಇರಲಿಲ್ಲ. 1980ರ ಜುಲೈನಲ್ಲಿ ಬಾಂಡಾಯ್ 300 ಯೆನ್ನಿಗೆ ಗಂಡಮ್ ಮಾದರಿ ಕಿಟ್ ಬಿಟ್ಟಾಗ ಅಂಗಡಿಗಳ ಮುಂದೆ ಮಕ್ಕಳು ಸಾಲುಗಟ್ಟಿದರು. ದಾಸ್ತಾನು ಸಾಲದಾದಾಗ ‘ಮೊಬೈಲ್ ಫೋರ್ಸ್ ಗಂಗಲ್’ ಎಂಬಂಥ ಕಿಟ್‌ಗಳು ಪಕ್ಕದ ಕಪಾಟಿನಲ್ಲಿ ಕಾಣಿಸಿಕೊಂಡವು. ಗಂಗಲ್ ಇವತ್ತು ಆ ಪೀಳಿಗೆಯ ಜಪಾನಿಯರಿಗೆ ನಗು ಬೆರೆತ ನೆನಪು. ಇನ್ನೊಂದು ಪ್ರಸಿದ್ಧ ಪ್ರಸಂಗ ರೋಬೋದ್ದಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದದ್ದು. ಲೋಟ್ಟೆ ಕಂಪನಿಯ ಬಿಕ್ಕುರಿಮನ್ ಚಾಕೊಲೇಟಿನ ಜೊತೆ ಬರುತ್ತಿದ್ದ ಸ್ಟಿಕರುಗಳಿಗೆ ಹುಚ್ಚೆದ್ದಿದ್ದ ಕಾಲದಲ್ಲಿ, ಕಾಸ್ಮೋಸ್ ಎಂಬ ಕಂಪನಿ ಕಾಸು ಹಾಕುವ ಯಂತ್ರಗಳಲ್ಲಿ ‘ರೊಚ್ಚಿ’ ಎಂದು ಅಚ್ಚಾದ ನಕಲಿ ಸ್ಟಿಕರು ಮಾರಿತು. ಲೋಟ್ಟೆ ಕೋರ್ಟಿಗೆ ಹೋಯಿತು, ಕಾಸ್ಮೋಸ್ 1980ರ ದಶಕ ಮುಗಿಯುವ ಮುನ್ನ ಮುಚ್ಚಿತು. ರೊಚ್ಚಿ ಸ್ಟಿಕರುಗಳು ಈಗ ಆಲ್ಬಮ್ಮಿನಲ್ಲಿ ಭದ್ರವಾಗಿವೆ.

ಜಪಾನಿನ ಕಾನೂನಿನ ಬಗ್ಗೆ ಟಕಾರಾಕ್ಕೆ ಇದ್ದ ಅನುಮಾನ ತೀರಾ ಆಧಾರವಿಲ್ಲದ್ದೇನಲ್ಲ. ‘ಫರ್ಬಿ’ ಎಂಬ ಮಾತಾಡುವ ಗೊಂಬೆಯ ನಕಲು ಮಾರಿದವರ ಮೇಲಿನ ಕ್ರಿಮಿನಲ್ ಮೊಕದ್ದಮೆಯಲ್ಲಿ, ಸೆಂಡಾಯ್ ಉಚ್ಚ ನ್ಯಾಯಾಲಯ 2002ರಲ್ಲಿ ಫರ್ಬಿಯ ರೂಪ ಹಕ್ಕುಸ್ವಾಮ್ಯಕ್ಕೆ ಅರ್ಹವಾದ ಕಲಾಕೃತಿ ಅಲ್ಲ ಎಂದಿತು. ಕಾರ್ಟೂನಿನಲ್ಲಿ ಮೊದಲು ಹುಟ್ಟಿದ ಮಜಿಂಗರನಂಥವಕ್ಕೆ ಆ ಚಿತ್ರದ ಹಕ್ಕೇ ಕಾವಲು. ನೇರ ಆಟಿಕೆಯಾಗಿಯೇ ಹುಟ್ಟಿದ ಡಯಾಕ್ಲೋನಿನಂಥವಕ್ಕೆ ಅಷ್ಟು ಗಟ್ಟಿ ರಕ್ಷಣೆ ಇರಲಿಲ್ಲ. ವಿನ್ಯಾಸ ಹಕ್ಕು ನೋಂದಾಯಿಸಿದರೂ ಆಗಿನ ಕಾಯಿದೆಯಲ್ಲಿ ಅವಧಿ 15 ವರ್ಷ. ಕಳ್ಳ ಅಚ್ಚಿನವರು ಕಾನೂನು ಓದಿ ಹೊರಟವರಲ್ಲ, ಆದರೆ ಬೇಲಿ ಎಲ್ಲಿ ಸಡಿಲ ಎಂದು ಅವರಿಗೆ ತಿಳಿಯುತ್ತಿತ್ತು.

ತಯಾರಕರೂ ಸುಮ್ಮನೆ ಕೂರಲಿಲ್ಲ. 1985ರಿಂದ ಟ್ರಾನ್ಸ್‌ಫಾರ್ಮರ್ಸ್ ಮೈಮೇಲೆ ಒಂದು ಕಪ್ಪು ಚೌಕ ಅಂಟಿಸತೊಡಗಿದರು. ಬೆರಳಿನಿಂದ ಉಜ್ಜಿದರೆ ಮೈಶಾಖಕ್ಕೆ ಬಣ್ಣ ಬದಲಾಗಿ, ರೋಬೋ ಯಾವ ಪಕ್ಷದ್ದೆಂಬ ಲಾಂಛನ ಮೂಡುತ್ತಿತ್ತು. ಮಕ್ಕಳಿಗೆ ಅದು ಆಟ, ಕಂಪನಿಗೆ ಅಸಲಿತನದ ಮುದ್ರೆ. ನಲವತ್ತು ವರ್ಷ ಕಳೆದ ಮೇಲೆ ಎಷ್ಟೋ ಅಸಲಿ ರೋಬೋಗಳ ಮೇಲೆ ಆ ಚೌಕ ಸವೆದು ಕೆಲಸ ನಿಲ್ಲಿಸಿದೆ.

ಇಲ್ಲಿಯವರೆಗೆ ಹೇಳಿದ್ದು ಮಕ್ಕಳಿಗಾಗಿ, ಆ ಕಾಲದಲ್ಲೇ, ಅಗ್ಗದ ಬೆಲೆಗೆ ಆದ ನಕಲು. ಇನ್ನೊಂದು ಬಗೆಯಿದೆ. ಅದು ದೊಡ್ಡವರಿಗಾಗಿ ಆದದ್ದು. ಬಾಂಡಾಯ್ 1997ರ ಡಿಸೆಂಬರಿನಲ್ಲಿ ಮಜಿಂಗರನಿಂದಲೇ ಆರಂಭಿಸಿ ‘ಸೋಲ್ ಆಫ್ ಚೋಗೋಕಿನ್’ ಮಾಲಿಕೆ ತಂದಾಗ, ಹಳೆಯ ರೋಬೋಗೆ ಹಣ ಸುರಿಯುವ ವಯಸ್ಕ ಗಿರಾಕಿ ಇದ್ದಾನೆಂದು ಮಾರುಕಟ್ಟೆಗೆ ಖಚಿತವಾಯಿತು. ಟ್ರಾನ್ಸ್‌ಫಾರ್ಮರ್ಸ್‌ನ ಹಳೆಯ ಅಚ್ಚುಗಳಿಂದಲೂ ಅಧಿಕೃತ ಮರುಮುದ್ರಣಗಳು ಬಂದವು. ಅವುಗಳ ಬೆನ್ನಿಗೇ ಚೀನಾದ ಕಾರ್ಖಾನೆಗಳಿಂದ, ಡಬ್ಬಿಯ ಅಕ್ಷರದಿಂದ ಮೈಮೇಲಿನ ಮುದ್ರೆಯವರೆಗೆ ಎಲ್ಲವನ್ನೂ ಹೋಲಿಸಿದ ನಕಲು ಬಂತು. ಗಂಡಮ್ ಕಿಟ್‌ಗಳಲ್ಲಿ ‘ಹೋಂಗ್ಲಿ’, ‘ಡಬನ್’ ಎಂಬ ಹೆಸರುಗಳು ಹವ್ಯಾಸಿಗಳಿಗೆಲ್ಲ ಪರಿಚಿತ. ಗುವಾಂಗ್‌ಡಾಂಗ್ ಪ್ರಾಂತ್ಯದ ಶಾಂತೌ ನಗರದ ಚೆಂಗ್‌ಹಾಯ್ ಆಟಿಕೆ ಉದ್ಯಮದ ದೊಡ್ಡ ನೆಲೆ. ಅಧಿಕೃತ ಮಾಲೂ ಅನಧಿಕೃತ ಮಾಲೂ ಅಕ್ಕಪಕ್ಕದ ಬೀದಿಗಳಿಂದ ಹೊರಡಬಲ್ಲ ಊರು. 2010ರಲ್ಲಿ ಚೆಂಗ್ಡು ನಗರದ ಒಂದು ವಿಹಾರೋದ್ಯಾನದಲ್ಲಂತೂ ಗಂಡಮನ್ನೇ ಹೋಲುವ ಚಿನ್ನದ ಬಣ್ಣದ ದೈತ್ಯ ಪ್ರತಿಮೆ ಎದ್ದು, ಜಪಾನಿನಲ್ಲಿ ಗದ್ದಲವಾದ ಮೇಲೆ ಮುಸುಕು ಹೊದ್ದುಕೊಂಡಿತು.

ಸಂಗ್ರಾಹಕರ ಗುಂಪಿನಲ್ಲಿ ಈ ಎರಡು ಬಗೆಗಳನ್ನೂ ಬೂಟ್‌ಲೆಗ್ ಎಂಬ ಒಂದೇ ಚೀಲಕ್ಕೆ ಹಾಕುವ ರೂಢಿಯಿದೆ. ಅದು ತಪ್ಪು. 1980ರ ದಶಕದ ಲಯನ್‌ಬಾಟ್ ಯಾರಿಗೂ ಸುಳ್ಳು ಹೇಳಲಿಲ್ಲ. ತನ್ನ ಹೆಸರನ್ನು ದಪ್ಪಕ್ಷರದಲ್ಲಿ ಹಾಕಿಕೊಂಡೇ ಬಂತು. ಅದನ್ನು ಕೊಂಡ ಮಗುವಿಗೆ ಮೋಸವಾಗಲಿಲ್ಲ, ನಷ್ಟವಾದದ್ದು ಹಕ್ಕಿನ ಒಡೆಯನಿಗೆ. 2000ದ ನಂತರದ ಹುಬೇಹೂಬು ನಕಲು ಹುಟ್ಟಿದ್ದೇ ಕೊಳ್ಳುವವನ ಕಣ್ಣಿಗೆ ಮಣ್ಣೆರಚಲು. ಅದರಲ್ಲಿ ಹೊಸ ಬಣ್ಣವಿಲ್ಲ, ಹೊಸ ಹೆಸರಿಲ್ಲ, ತಪ್ಪು ಕಾಗುಣಿತ ಕೂಡ ಇಲ್ಲ. ಮೊದಲನೆಯದನ್ನು ಕೂಡಿಡುವುದಕ್ಕೆ ಅರ್ಥವಿದೆ. ಎರಡನೆಯದನ್ನು ಕೂಡಿಡುವವರು ಕಳ್ಳಮಾಲಿಗೆ ಗಿರಾಕಿಗಳಷ್ಟೇ.

ಮೂರನೆಯ ಬಗೆಯೊಂದು ಇತ್ತೀಚೆಗೆ ಬೆಳೆದಿದೆ, ಕಲಾವಿದರದ್ದು. ನ್ಯೂಯಾರ್ಕಿನ ಮಾರ್ಗನ್ ಫಿಲಿಪ್ಸ್ ‘ಸಕ್‌ಲಾರ್ಡ್’ ಎಂಬ ಹೆಸರಿನಲ್ಲಿ ‘ಸ್ಟಾರ್ ವಾರ್ಸ್’ ಗೊಂಬೆಗಳ ಭಾಗಗಳನ್ನು ರಾಳದಲ್ಲಿ ಎರೆದು, ಗಿರಾಕಿಯನ್ನೇ ಬೈಯುವ ರಟ್ಟಿಗೆ ಅಂಟಿಸಿ ಮಾರುತ್ತ ಗ್ಯಾಲರಿಯವರೆಗೆ ಹೋದರು. ಅವರಂಥವರ ಬೇರು ಹುಡುಕಿದರೆ ಟರ್ಕಿಯ ‘ಉಜಾಯ್’ ಗೊಂಬೆಗಳಂಥ 1980ರ ದಶಕದ ಅನಧಿಕೃತ ಮಾಲು ಸಿಗುತ್ತದೆ. ಉಜಾಯ್‌ಗೆ ಬೆಲೆ ಏರಿದಂತೆ ಅದರ ನಕಲೂ ಹುಟ್ಟಿತು. ಜಪಾನಿನಲ್ಲಿ ಇದೇ ಹಂಬಲಕ್ಕೆ ಇನ್ನೊಂದು ದಾರಿ ಕಂಡುಕೊಂಡಿದ್ದಾರೆ. ‘ವಂಡರ್ ಫೆಸ್ಟಿವಲ್’ ಎಂಬ ಮಾದರಿ ಗೊಂಬೆಗಳ ಮೇಳದಲ್ಲಿ, ಹವ್ಯಾಸಿಗಳು ತಾವೇ ಕೆತ್ತಿದ ರೋಬೋ ಮಾರಲು ಹಕ್ಕಿನ ಒಡೆಯರು ಆ ಒಂದು ದಿನದ ಮಟ್ಟಿಗೆ ಪರವಾನಗಿ ಕೊಡುತ್ತಾರೆ. ಬೆಳಗ್ಗೆ ಕಾನೂನುಬದ್ಧವಾದದ್ದು ಮಾರನೆಯ ದಿನ ಮಾರಿದರೆ ಕಳವು. ಇಷ್ಟು ನಾಜೂಕಿನ ಏರ್ಪಾಡು ಬೇರೆ ಯಾವ ಉದ್ಯಮದಲ್ಲೂ ಸುಲಭಕ್ಕೆ ಕಾಣದು.

ಭಾರತಕ್ಕೆ ಈ ಕತೆ ತಾಗಿದ್ದು ಅಂಚಿನಲ್ಲಿ. 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂದ ‘ಜಯಂಟ್ ರೋಬೋಟ್’ ಜಪಾನಿನ ತೋಯೇ ಸ್ಟುಡಿಯೋ 1967ರಲ್ಲಿ ಆರಂಭಿಸಿದ ಸರಣಿ. ಕೈಗಡಿಯಾರಕ್ಕೆ ಮಾತಾಡಿ ರೋಬೋವನ್ನು ಕರೆಯುವ ಹುಡುಗನನ್ನು ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಆ ಪೀಳಿಗೆ ಮರೆತಿಲ್ಲ. ಅದರ ಆಟಿಕೆ ಮಾತ್ರ ಅಂಗಡಿಗೆ ಬರಲಿಲ್ಲ. ಬಂದದ್ದು ಜಾತ್ರೆಯ ಪ್ಲಾಸ್ಟಿಕ್ ರೋಬೋ: ನಾಲ್ಕು ಹೆಜ್ಜೆ ನಡೆದು ನಿಲ್ಲುತ್ತದೆ, ಎದೆಯ ಬಾಗಿಲು ತೆರೆದು ಬಂದೂಕು ಮಿನುಗಿಸುತ್ತದೆ, ಸೊಂಟದ ಮೇಲಿನ ಭಾಗ ಗಿರ್ರನೆ ತಿರುಗುತ್ತದೆ. ಆ ಯಂತ್ರವಿಧಾನ 1960ರ ದಶಕದಲ್ಲಿ ಜಪಾನಿನ ಹೊರಿಕಾವಾ ಕಂಪನಿ ತಗಡಿನ ಗಗನಯಾತ್ರಿಗಳಲ್ಲಿ ಜನಪ್ರಿಯಗೊಳಿಸಿದ್ದು. ಸಿರಸಿಯ ಮಾರಿಕಾಂಬಾ ಜಾತ್ರೆಯಲ್ಲೋ ಬನಶಂಕರಿ ಜಾತ್ರೆಯಲ್ಲೋ ಕೊಂಡು ತಂದ ರೋಬೋಗೂ ಟೋಕಿಯೋದ ಹರಾಜಿನ ರೋಬೋಗೂ ಹೊಟ್ಟೆಯೊಳಗಿನ ಹಲ್ಲುಚಕ್ರ ಒಂದೇ ಮನೆತನದ್ದು. 2020ರಲ್ಲಿ ಆಟಿಕೆಗಳ ಆಮದು ಸುಂಕ ಶೇ. 20ರಿಂದ 60ಕ್ಕೂ, 2023ರಲ್ಲಿ 70ಕ್ಕೂ ಏರಿತು. 2021ರ ಜನವರಿಯಿಂದ ಐಎಸ್‌ಐ ಗುರುತು ಕಡ್ಡಾಯವಾಯಿತು. ಚೀನಾದ ಹೆಸರಿಲ್ಲದ ರೋಬೋಗಳಿಗೆ ಮೊದಲಿನ ಸಲೀಸು ದಾರಿ ಈಗಿಲ್ಲ.

ಜರ್ಮನಿಯ ಸೋಲಿಂಗೆನ್ ಊರಿನಲ್ಲಿ ‘ಪ್ಲಾಜಿಯಾರಿಯುಸ್’ ಎಂಬ ನಕಲುಗಳ ಮ್ಯೂಸಿಯಂ ಇದೆ. ಅಸಲಿಯ ಪಕ್ಕದಲ್ಲಿ ನಕಲಿಯನ್ನಿಟ್ಟು ತೋರಿಸುತ್ತಾರೆ, ಹೆಚ್ಚು ನಾಚಿಕೆಗೇಡಿನ ನಕಲಿಗೆ ಚಿನ್ನದ ಮೂಗಿನ ಕುಬ್ಜನ ಪ್ರಶಸ್ತಿ ಕೊಡುವ ಪದ್ಧತಿ 1977ರಿಂದ ನಡೆದಿದೆ. ಪ್ಯಾರಿಸಿನಲ್ಲೂ ನಕಲಿ ಸಾಮಾನಿನ ಮ್ಯೂಸಿಯಂ ಇದೆ. ಎರಡರ ಉದ್ದೇಶವೂ ನಕಲನ್ನು ಅಪರಾಧವಾಗಿ ತೋರಿಸುವುದು. ಕಳ್ಳ ಅಚ್ಚಿನ ರೋಬೋಗಳನ್ನು ಜನರ ಆಟದ ಚರಿತ್ರೆಯಾಗಿ ಕೂಡಿಡುವ ಕೆಲಸ ಸದ್ಯಕ್ಕೆ ಖಾಸಗಿ ಕಪಾಟುಗಳಲ್ಲಿ ನಡೆಯುತ್ತಿದೆ. 2005ರಲ್ಲಿ ಮ್ಯಾಟ್ ಆಲ್ಟ್ ಮತ್ತು ರಾಬರ್ಟ್ ಡುಬಾನ್ ಬರೆದ ‘ಸೂಪರ್ ನಂಬರ್ ಒನ್ ರೋಬೋಟ್’ ಅಸಲಿಗಳ ಚಿತ್ರಸಂಪುಟವಾಗಿ ಹೆಸರಾಯಿತು. ನಕಲುಗಳಿಗೂ ಅಂಥದ್ದೊಂದು ಆಗಬೇಕು.

ಈ ಹವ್ಯಾಸಕ್ಕೆ ಇಳಿಯುವವರಿಗೆ ಎರಡು ಮಾತು. ಯಾವ ಪರೀಕ್ಷೆಗೂ ಒಳಗಾಗದ ಮಾಲು ಇದು. ಬಣ್ಣದಲ್ಲಿ ಸೀಸ ಇರಬಹುದು, ಚಿಮ್ಮುವ ಮುಷ್ಟಿ ಮಗುವಿನ ಗಂಟಲಿಗೆ ಸರಿಯಾದ ಅಳತೆಯದು. ಮಕ್ಕಳ ಕೈಗೆ ಕೊಡಬೇಡಿ. ಮತ್ತೆ, ಅಟ್ಟದ ಮೇಲೆ ಹಳೆಯ ರೋಬೋ ಸಿಕ್ಕಿದರೆ ಗೊಂಬೆ ಇಟ್ಟುಕೊಂಡು ಹರಿದ ಡಬ್ಬಿಯನ್ನು ಗುಜರಿಗೆ ಹಾಕಬೇಡಿ. ಅಸಲಿ ಆಟಿಕೆಗಾದರೆ ಕಂಪನಿಯ ದಾಖಲೆ, ಕ್ಯಾಟಲಾಗು ಎಲ್ಲಾದರೂ ಇರುತ್ತದೆ. ಕಳ್ಳ ಅಚ್ಚಿನದಕ್ಕೆ ಆ ಡಬ್ಬಿಯೊಂದೇ ದಾಖಲೆ.